‘ಸಹಿಸಿಕೊಳ್ಳಮ್ಮ’ ಅಂದರಂತೆ

ಪ್ರೀತಿಯ ಪುಟ್ಟೀ,

ಆ ಮೇಲಧಿಕಾರಿಯ ಮಾತು, ನೋಟದ ಬಗ್ಗೆ ಆಫೀಸಿನ ಹಿರಿಯರಿಗೆ ಹೇಳಿಕೊಂಡರೆ ‘ಸ್ವಲ್ಪ ಸಹಿಸಿಕೊಳ್ಳಮ್ಮ’ ಅಂದರು ಅಂದೆಯಲ್ಲ, ಅದು ತಲೆಯಿಂದ ಹೋಗುತ್ತಲೇ ಇಲ್ಲ. ‘ಅಮ್ಮಾ, ಸಹಿಸೋದು ಅಂದ್ರೆ ಸುಮ್ಮನಿರೋದಾ?’ ಅಂತ ಕೇಳಿದೆ. ಫೋನಿನಲ್ಲಿ ನನಗೆ ಗಂಟಲು ಕಟ್ಟಿತು, ಅದಕ್ಕೇ ಬರೆಯುತ್ತಿದ್ದೇನೆ.

ಅಲ್ಲ ಮಗಳೇ. ಸಹಿಸು ಬಂದದ್ದು ಸಂಸ್ಕೃತದ ‘ಸಹ್’ ಧಾತುವಿನಿಂದ. ವೇದಗಳ ಭಾಷೆಯಲ್ಲಿ ಅದಕ್ಕೆ ಗೆಲ್ಲು, ಮಣಿಸು ಎಂಬ ಅರ್ಥವೂ ಇತ್ತು. ‘ಸಹಸ್’ ಅಂದರೆ ಬಲ. ಋಗ್ವೇದದಲ್ಲಿ ಅಗ್ನಿಗೆ ಬಲದ ಮಗ ಎಂಬ ಹೆಸರೇ ಇದೆ. ಸಾಹಸ ಹುಟ್ಟಿದ್ದೂ ಅಲ್ಲಿಂದಲೇ. ಹೀಗಿದ್ದೂ ಸಾಹಸವನ್ನು ಗಂಡುಮಕ್ಕಳಿಗೆ ಕೊಟ್ಟು, ಸಹನೆಯನ್ನು ಹೆಣ್ಣುಮಕ್ಕಳ ಸೆರಗಿಗೆ ಕಟ್ಟಿದರಲ್ಲ, ಅದು ನನ್ನ ಹೊಟ್ಟೆ ಉರಿಸುತ್ತದೆ.

ನಮ್ಮದೇ ‘ತಾಳು’ ತಗೋ. ಈ ತೊಲೆ ಎಷ್ಟು ಭಾರ ತಾಳುತ್ತೆ ಅಂತ ಮನೆ ಕಟ್ಟುವವರು ಮೊದಲೇ ವಿಚಾರಿಸುತ್ತಾರೆ. ಮಿತಿ ಆ ಮಾತಿನೊಳಗೇ ಇದೆ. ‘ತಾಳು, ಬಂದೆ’ ಅನ್ನುವಾಗಲೂ ಕಾಯುವುದಕ್ಕೊಂದು ಕೊನೆಯಿದೆ. ತಾಳಿದವನು ಬಾಳಿಯಾನು ಅಂತ ಗಾದೆ ಹೇಳುತ್ತದೆ, ನಿಜ. ಬಾಳಿಗೇ ಕುತ್ತಾಗುವುದನ್ನು ತಾಳು ಅಂತ ಅದು ಎಲ್ಲೂ ಹೇಳಿಲ್ಲ.

ನೀನು ಕಷ್ಟಪಟ್ಟು ಓದಿದೆ. ಆ ಕಷ್ಟ ನೀನೇ ಆರಿಸಿಕೊಂಡದ್ದು, ಅದರ ಫಲವೂ ನಿನ್ನದೇ. ಈಗಿನದು ಪಡಬಾರದ ಪಾಡು. ಕೆಡುವುದರಿಂದ ಕೇಡು ಬಂದ ಹಾಗೆ ಪಡುವುದರಿಂದ ಪಾಡು ಬಂತು, ಆದರೆ ಇದನ್ನು ನಿನ್ನ ಮೇಲೆ ಹೇರಿದವರು ಬೇರೆಯವರು. ಎರಡನ್ನೂ ಒಂದೇ ತಕ್ಕಡಿಗೆ ಹಾಕಬೇಡ.

ಕೆಲಸದ ಜಾಗದಲ್ಲಿ ಹೆಂಗಸರಿಗಾಗುವ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆಯನ್ನು ನಾನು ಓದಿದೆ. 10 ಅಥವಾ ಹೆಚ್ಚು ಮಂದಿ ದುಡಿಯುವ ಕಡೆ ಆಂತರಿಕ ಸಮಿತಿ ಇರಲೇಬೇಕು, ಅದರ ಮುಖ್ಯಸ್ಥೆ ಹೆಂಗಸೇ ಆಗಿರಬೇಕು, ಹೊರಗಿನವರೊಬ್ಬರೂ ಇರಬೇಕು. ಕೊನೆಯ ಘಟನೆಯಾದ 3 ತಿಂಗಳೊಳಗೆ ದೂರು ಬರೆದು ಕೊಡಬೇಕು. ವಿಚಾರಣೆ 90 ದಿನದಲ್ಲಿ ಮುಗಿಯಬೇಕು. ಯಾವತ್ತು, ಎಲ್ಲಿ, ಏನಂದ, ಯಾರಿದ್ದರು, ಎಲ್ಲ ಬರೆದಿಡು. ಮೊಬೈಲಿಗೆ ಬಂದ ಮೆಸೇಜು ಅಳಿಸಬೇಡ. ಕೆಲಸ ಬಿಡಬೇಕು ಅನ್ನಿಸಿದರೆ ಅದಕ್ಕೂ ಅಪ್ಪ, ನಾನು ಒಪ್ಪಿದ್ದೇವೆ. ಬಿಡುವ ಮುಂಚೆ ದೂರು ಕೊಡುವುದೋ ಬೇಡವೋ, ಅದು ನಿನ್ನ ತೀರ್ಮಾನ.

ಶನಿವಾರ ಬೆಳಗಿನ ಬಸ್ಸಿಗೆ ಬರುತ್ತೇನೆ. ಬರೆದದ್ದನ್ನು ಇಬ್ಬರೂ ಕೂತು ಓದೋಣ.

ನಿನ್ನ
ಅಮ್ಮ