ಹೆಬ್ಬೆಟ್ಟು ಒತ್ತಿಸೋ ಮೊದಲು ನಮ್ಮ ಕನ್ನಡದಲ್ಲಿ ಓದಿ ಹೇಳಿ

ಮಾನ್ಯ ಸಂಪಾದಕರಿಗೆ ನಮಸ್ಕಾರ,

ನಾನು ಕೊಪ್ಪ ತಾಲ್ಲೂಕಿನಲ್ಲಿ ಇಪ್ಪತ್ತೆರಡು ವರ್ಷದಿಂದ ಒಂದು ಮೆಡಿಕಲ್ ಅಂಗಡಿ ನಡೆಸ್ತಿದೀನಿ. ನಮ್ ಕಡೆ ಮೆಡಿಕಲ್ ಅಂದ್ರೆ ಬರೀ ಮಾತ್ರೆ ತಗೊಳೋ ಜಾಗ ಅಲ್ಲ, ಡಾಕ್ಟ್ರ ಚೀಟಿ, ಲ್ಯಾಬ್ ರಿಪೋರ್ಟು, ಬ್ಯಾಂಕಿನ ಕಾಗದ ಎಲ್ಲಾ ತಂದು ಓದಿಸ್ಕೊಂಡು ಹೋಗ್ತಾರೆ. ಹೋದ ವರ್ಷ ಮಳೆ ನಿಲ್ಲೋ ಹೊತ್ತಿಗೆ ಕಾಫಿ ತೋಟದ ಲೈನ್ ಮನೆಯಿಂದ, ಅಂದ್ರೆ ಕೂಲಿಯವರ ಸಾಲು ಮನೆಯಿಂದ, ಒಬ್ಬ ಅಕ್ಕ ಪ್ಲಾಸ್ಟಿಕ್ ಕವರಲ್ಲಿ ಮಡಿಸಿಟ್ಟಿದ್ದ ಆರು ಹಾಳೆ ತಂದ್ರು, "ಅಣ್ಣ ಇದ್ರಲ್ಲಿ ಏನಿದೆ ನೋಡಿ ಹೇಳಿ" ಅಂತ.

ನೋಡಿದ್ರೆ ಅದು ಬಿಪಿ ಮಾತ್ರೆ ಬಗ್ಗೆ ನಡೀತಿದ್ದ ಒಂದು ಅಧ್ಯಯನದ ಒಪ್ಪಿಗೆ ಪತ್ರ, ನಮ್ಮ ಒಂದು ಸಂಸ್ಥೆ ಮತ್ತು ಒಂದು ವಿದೇಶಿ ವಿಶ್ವವಿದ್ಯಾಲಯ ಸೇರಿ ಮಾಡ್ತಿದ್ದದ್ದು. ಕನ್ನಡದಲ್ಲೇ ಇತ್ತು. ಆದ್ರೆ ಅದೆಂಥ ಕನ್ನಡ ಅಂದ್ರೆ "ಭಾಗವಹಿಸುವವರನ್ನು ಯಾದೃಚ್ಛಿಕವಾಗಿ ನಿಯೋಜಿಸಲಾಗುವುದು", "ಪ್ರತಿಕೂಲ ಘಟನೆಗಳು ಸಂಭವಿಸಿದಲ್ಲಿ", "ಜೈವಿಕ ಮಾದರಿಗಳನ್ನು ಭವಿಷ್ಯದ ಸಂಶೋಧನೆಗಾಗಿ ಸಂಗ್ರಹಿಸಿಡಲಾಗುವುದು". ಡಿ ಫಾರ್ಮ ಓದಿದ ನಾನೇ ಎರಡೆರಡು ಸಲ ಓದಬೇಕಾಯ್ತು. ಅದರ ಅರ್ಥ ಇಷ್ಟೇ, ಚೀಟಿ ಎತ್ತಿದ ಹಾಗೆ ಕೆಲವರಿಗೆ ಹೊಸ ಮಾತ್ರೆ ಕೆಲವರಿಗೆ ಹಳೇದು ಕೊಡ್ತೀವಿ, ಯಾರಿಗೆ ಯಾವುದು ಅಂತ ಹೇಳಲ್ಲ, ಮಾತ್ರೆಯಿಂದ ತೊಂದರೆ ಆದ್ರೆ ಈ ನಂಬರಿಗೆ ಫೋನ್ ಮಾಡಿ, ನಿಮ್ಮ ರಕ್ತ ಇಟ್ಕೊಂಡು ಮುಂದೆ ಬೇರೆ ಕೆಲಸಕ್ಕೂ ಬಳಸ್ತೀವಿ, ಹೊರದೇಶಕ್ಕೂ ಹೋಗಬಹುದು. ಇಷ್ಟನ್ನ ಹೀಗೇ ಬರೆಯೋಕೆ ಏನಾಗಿತ್ತು?

ನಾನು ಬಿಡಿಸಿ ಹೇಳಿದ ಮೇಲೆ ಅಕ್ಕ ಸ್ವಲ್ಪ ಹೊತ್ತು ಸುಮ್ನೆ ನಿಂತಿದ್ರು. ಆಮೇಲೆ "ರಕ್ತ ಪರೀಕ್ಷೆ ಫ್ರೀ ಅಂದ್ರು, ರೈಟ್ರು ಹೆಬ್ಬೆಟ್ಟು ಒತ್ತು ಅಂದ್ರು, ಒತ್ತಿದೆ" ಅಂದ್ರು. ಕೊನೇ ಹಾಳೇಲಿ ಸಾಕ್ಷಿ ಅಂತ ಸಹಿ ಇದ್ದದ್ದೂ ಆ ತೋಟದ ರೈಟ್ರದ್ದೇ, ಅಂದ್ರೆ ಕೂಲಿಯವರ ಲೆಕ್ಕ ಬರೆಯೋರದ್ದೇ.

ನನ್ನ ಮನಸ್ಸಿಗೆ ಚುಚ್ಚಿದ್ದು ಇದೇ. ನಮ್ಮ ದೇಶದ 2019ರ ಹೊಸ ಔಷಧ ಮತ್ತು ಕ್ಲಿನಿಕಲ್ ಟ್ರಯಲ್ (ಜನರ ಮೇಲೆ ಔಷಧದ ಪರೀಕ್ಷೆ) ನಿಯಮದಲ್ಲಿ ಸ್ಪಷ್ಟವಾಗಿದೆ, ಓದಕ್ಕೆ ಬರದವರಿಂದ ಒಪ್ಪಿಗೆ ತಗೊಳ್ಳುವಾಗ ಯಾರ ಕಡೆಗೂ ವಾಲದ ಒಬ್ಬ ಸಾಕ್ಷಿ ಮೊದಲಿಂದ ಕೊನೇವರೆಗೂ ಅಲ್ಲಿರಬೇಕು ಅಂತ. ರೈಟ್ರು ಒಳ್ಳೆಯವರೇ ಇರಬಹುದು, ಆದ್ರೆ ಹಾಜರಿ ಹಾಕೋರು ಅವರು, ವಾರದ ಬಟವಾಡೆ ಕೊಡೋರು ಅವರು, ಲೈನ್ ಮನೆ ಯಾರಿಗೆ ಅಂತ ಹೇಳೋರೂ ಅವರು, ಅವರ ಮುಂದೆ ನಿಂತು "ನಂಗೆ ಬೇಡ" ಅಂತ ಹೇಳೋ ಧೈರ್ಯ ಯಾವ ಕೂಲಿ ಹೆಂಗಸಿಗೆ ಬರತ್ತೆ ಹೇಳಿ.

ಇದು ನಮ್ಮ ಘಟ್ಟದ ಕಥೆ ಮಾತ್ರ ಅಲ್ಲ. 2009ರಲ್ಲಿ ಆಗಿನ ಆಂಧ್ರದ ಖಮ್ಮಂ ಮತ್ತೆ ಗುಜರಾತಿನ ವಡೋದರದಲ್ಲಿ ಪಾತ್ ಅನ್ನೋ ಅಮೆರಿಕದ ಸಂಸ್ಥೆ ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) ಜೊತೆ ಸೇರಿ ಹೆಣ್ಣುಮಕ್ಕಳಿಗೆ ಗರ್ಭಕಂಠದ ಕ್ಯಾನ್ಸರ್ ತಡೆಯೋ ಎಚ್‌ಪಿವಿ ಲಸಿಕೆ ಹಾಕೋ ಯೋಜನೆ ಶುರು ಮಾಡಿತ್ತು, 2010ರಲ್ಲಿ ಸರ್ಕಾರ ನಿಲ್ಲಿಸ್ತು. ಆ ಅವಧಿಯಲ್ಲಿ ಏಳು ಹುಡುಗಿಯರು ತೀರಿಕೊಂಡಿದ್ರು, ಸಾವಿಗೆ ಲಸಿಕೆ ಕಾರಣ ಅಲ್ಲ ಅಂತ ಸರ್ಕಾರ ನೇಮಿಸಿದ ಸಮಿತಿ ಹೇಳ್ತು, ಆ ಲಸಿಕೆ ಒಳ್ಳೇದು ಅನ್ನೋದ್ರಲ್ಲಿ ನನಗೂ ಅನುಮಾನ ಇಲ್ಲ. ಆದ್ರೆ ಸಂಸತ್ತಿನ ಸಮಿತಿ 2013ರಲ್ಲಿ ಕೊಟ್ಟ ವರದಿ ಒಪ್ಪಿಗೆ ತಗೊಂಡ ರೀತಿಯನ್ನ ಕಟುವಾಗಿ ಟೀಕಿಸ್ತು, ಎಷ್ಟೋ ಫಾರಂಗಳಿಗೆ ಅಪ್ಪ ಅಮ್ಮನ ಬದಲು ಹಾಸ್ಟೆಲ್ ವಾರ್ಡನ್‌ಗಳು ಸಹಿ ಹಾಕಿದ್ರು. ಅಲ್ಲಿ ವಾರ್ಡನ್, ಇಲ್ಲಿ ರೈಟ್ರು.

ನಾನು ಸಂಶೋಧನೆ ವಿರೋಧಿ ಅಂತ ದಯವಿಟ್ಟು ಯಾರೂ ತಿಳ್ಕೋಬೇಡಿ. ಮಂಗನ ಕಾಯಿಲೆ ವೈರಸ್ ಪತ್ತೆ ಆಗಿದ್ದೇ ಇಂಥ ಸಹಯೋಗದಿಂದ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬೀಳ್ತಿದ್ದಾಗ ಬಂದು ಕಂಡುಹಿಡಿದವರು ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು, ಆ ಕೇಂದ್ರ ಕಟ್ಟಿದ್ದು ಅಮೆರಿಕದ ರಾಕ್‌ಫೆಲರ್ ಫೌಂಡೇಶನ್ ಜೊತೆ ಸೇರಿ. ಹಾಗೇ ಔಷಧ ನೀತಿ ಅನ್ನೋದು ಎಷ್ಟು ದೊಡ್ಡ ವಿಷಯ ಅಂತ ಕೌಂಟರ್ ಹಿಂದೆ ನಿಂತವರಿಗೆ ಚೆನ್ನಾಗಿ ಗೊತ್ತು, 2012ರಲ್ಲಿ ಸರ್ಕಾರ ಕಡ್ಡಾಯ ಲೈಸೆನ್ಸ್ (ಪೇಟೆಂಟ್ ಇರೋ ಕಂಪನಿ ಒಪ್ಪದಿದ್ರೂ ಬೇರೆಯವರು ಔಷಧ ತಯಾರಿಸಬಹುದು ಅನ್ನೋ ಅನುಮತಿ) ಕೊಟ್ಟಾಗ ತಿಂಗಳಿಗೆ 2.8 ಲಕ್ಷ ಇದ್ದ ಕ್ಯಾನ್ಸರ್ ಔಷಧ ನೆಕ್ಸಾವರ್ ಇನ್ನೊಂದು ಕಂಪನಿಯಿಂದ 8,800 ರೂಪಾಯಿಗೆ ಬರೋ ಹಾಗಾಯ್ತು. ವಿದೇಶದ ವಿದ್ವಾಂಸರು ನಮ್ಮವರು ಕೂತು ಇಂಥದ್ದರ ಬಗ್ಗೆ ಚರ್ಚೆ ಮಾಡ್ಲಿ, ಒಪ್ಪಂದ ಮಾಡ್ಕೊಳ್ಲಿ, ಬೇಕಾಗಿರೋದೇ ಅದು.

ಆದ್ರೆ ಆ ಒಪ್ಪಂದದ ಇನ್ನೊಂದು ತುದಿ ನಮ್ಮ ಲೈನ್ ಮನೆಗಳಲ್ಲಿದೆ. ಹೆಲ್ಸಿಂಕಿ ಘೋಷಣೆ ಅಂತ 1964ರಿಂದ ಇರೋ ಜಗತ್ತಿನ ವೈದ್ಯರ ನೀತಿಸೂತ್ರ ಇದೆಯಲ್ಲ, ಅದನ್ನ 2024ರ ಅಕ್ಟೋಬರಿನಲ್ಲಿ ತಿದ್ದಿದಾಗ ಸಂಶೋಧನೆಗೆ ಮೊದಲು, ನಡೆಯುವಾಗ, ಮುಗಿದ ಮೇಲೂ ಆ ಊರಿನ ಜನರ ಜೊತೆ ಮಾತಾಡಬೇಕು ಅಂತ ಸೇರಿಸಿದ್ದಾರೆ. ನಮ್ಮ ನಿಯಮದಲ್ಲೂ ಇಂಥ ಅಧ್ಯಯನಗಳನ್ನ ಪರಿಶೀಲಿಸಿ ಒಪ್ಪಿಗೆ ಕೊಡೋ ನೈತಿಕ ಸಮಿತಿಯಲ್ಲಿ ಕನಿಷ್ಠ ಏಳು ಜನ ಇರಬೇಕು, ಅದರಲ್ಲಿ ಒಬ್ಬರು ಸಾಮಾನ್ಯ ಜನರ ಪೈಕಿ ಇರಬೇಕು ಅಂತಿದೆ. ಆ ಸಾಮಾನ್ಯರು ನಗರದಲ್ಲಿರೋ ನಿವೃತ್ತ ಅಧಿಕಾರಿಯೋ ಮೇಷ್ಟ್ರೋ ಆದ್ರೆ ಅವರಿಗೆ "ಯಾದೃಚ್ಛಿಕ" ಅರ್ಥ ಆಗಿಬಿಡತ್ತೆ, ಅಲ್ಲಿಗೆ ಫಾರಂ ಪಾಸ್. ಅಧ್ಯಯನ ನಡೆಯೋ ತಾಲ್ಲೂಕಿನ ಒಬ್ಬ ಆಶಾ ಕಾರ್ಯಕರ್ತೆಯನ್ನೋ ಸ್ವಸಹಾಯ ಸಂಘದ ಹೆಂಗಸನ್ನೋ ಆ ಕುರ್ಚಿಯಲ್ಲಿ ಕೂರಿಸಿ ನೋಡಿ, ಮೊದಲ ಹಾಳೆಗೇ ಪ್ರಶ್ನೆ ಬರತ್ತೆ. ಸಾಕ್ಷಿಯೂ ಅವರಂಥವರೇ ಆಗ್ಲಿ, ಕೂಲಿ ಕೊಡೋರ ಕಡೆಯವರು ಬೇಡವೇ ಬೇಡ.

ಇನ್ನೊಂದು, ಅಕ್ಕನ ರಕ್ತ ಹೋಯ್ತು, ಉತ್ತರ ಬರಲಿಲ್ಲ. ಎಂಟು ತಿಂಗಳು ಮಾತ್ರೆ ಕೊಟ್ರು, ಆಮೇಲೆ ಅಧ್ಯಯನ ಮುಗೀತು ಅಂತ ಬರೋದು ನಿಲ್ಸಿದ್ರು, ಬಿಪಿ ಮಾತ್ರೆ ನಿಲ್ಲಿಸಬಾರದು ಅಂತ ಹೇಳೋಕೂ ಯಾರೂ ಬರಲಿಲ್ಲ, ತಲೆಸುತ್ತು ಬಂದು ಬಿದ್ದ ಮೇಲೆ ನಮ್ಮ ಸರ್ಕಾರಿ ಆಸ್ಪತ್ರೆ ಡಾಕ್ಟ್ರೇ ಬೇರೆ ಮಾತ್ರೆ ಬರೆದುಕೊಟ್ರು. ಟ್ರಯಲ್ ಮುಗಿದ ಮೇಲೂ ಔಷಧ ಉಚಿತವಾಗಿ ಕೊಡೋದಕ್ಕೆ ನಿಯಮದಲ್ಲಿ ಅವಕಾಶ ಇದೆ, ಆದ್ರೆ ಆ ಕಾಯಿಲೆಗೆ ಬೇರೆ ಚಿಕಿತ್ಸೆ ಇಲ್ಲದಿದ್ರೆ ಮಾತ್ರ, ಬಿಪಿಗೆ ಅದು ಅನ್ವಯ ಆಗಲ್ಲ. ಸರಿ, ಮಾತ್ರೆ ಕೊಡಬೇಡಿ, "ನಾಳೆಯಿಂದ ಆಸ್ಪತ್ರೆಗೆ ಹೋಗಿ ತಗೊಳಿ" ಅಂತ ಒಂದು ಮಾತು ಹೇಳಬಹುದಿತ್ತಲ್ಲ. ಫಲಿತಾಂಶ ಏನಾಯ್ತು ಅಂತ ಒಂದು ಹಾಳೆ ಪ್ರಾಥಮಿಕ ಆರೋಗ್ಯ ಕೇಂದ್ರದ ಗೋಡೆಗೆ ಅಂಟಿಸಬಹುದಿತ್ತು.

ಮಂಗನ ಕಾಯಿಲೆಯ ಹಳೇ ಲಸಿಕೆ ಸರಿಯಾಗಿ ಕೆಲಸ ಮಾಡ್ತಿಲ್ಲ ಅಂತ 2022ರಲ್ಲಿ ನಿಲ್ಲಿಸಿದ್ರು, ಹೊಸದನ್ನ ತಯಾರು ಮಾಡೋ ಕೆಲಸ ಐಸಿಎಂಆರ್ ಕಡೆಯಿಂದ ನಡೀತಿದೆ. ಬೇಗ ಬರಲಿ ಅಂತ ನಾವೆಲ್ಲ ಕಾಯ್ತಿದೀವಿ. ಅದರ ಪರೀಕ್ಷೆಗೆ ನಾಳೆ ಮಲೆನಾಡಿನ ಜನವೇ ತೋಳು ಕೊಡಬೇಕಾಗಿ ಬರಬಹುದು, ಕೊಡ್ತಾರೆ ಕೂಡ, ಕಾಯಿಲೆಯಲ್ಲಿ ಮನೆಯವರನ್ನ ಕಳ್ಕೊಂಡ ಜನ ಇವರು. ಹಾಗಾಗಿ ಅಂಥ ಫಾರಂ ಬರೆಯೋ ಸಂಶೋಧಕರು ಯಾರಾದ್ರೂ ಈ ಪತ್ರ ಓದಿದ್ರೆ ಒಂದು ವಿನಂತಿ, ಪ್ರಿಂಟಿಗೆ ಕಳಿಸೋ ಮೊದಲು ಒಂದು ಸಂಜೆ ನಮ್ಮ ಕಡೆ ಬನ್ನಿ. ಕೆಲಸ ಬಿಟ್ಟ ಹೆಂಗಸರು ಐದೂವರೆ ಹೊತ್ತಿಗೆ ನನ್ನ ಅಂಗಡಿ ಪಕ್ಕ ಬಸ್ಸಿಗೆ ಕಾಯ್ತಿರ್ತಾರೆ, ಬೆಂಚು ಹಾಕಿಕೊಡ್ತೀನಿ, ಅವರಿಗೆ ಓದಿ ಹೇಳಿ ನೋಡಿ.

ಇಂತಿ,
ನಿಮ್ಮ ಓದುಗ
ಕೊಪ್ಪ ತಾಲ್ಲೂಕು, ಚಿಕ್ಕಮಗಳೂರು ಜಿಲ್ಲೆ