ಮಿಡಲ್‌ಟನ್ ಪ್ಲೇಸ್‌ನಲ್ಲಿ ಸಿಕ್ಕಿದ ಆ ಹಿರಿಯರಿಗೆ

ಹೆಸರು ಕೇಳುವಷ್ಟರಲ್ಲಿ ನೀವು ಹೊರಟೇ ಹೋದಿರಿ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಅಮೆರಿಕದ ಸೌತ್ ಕೆರೊಲಿನಾದ ಚಾರ್ಲ್ಸ್‌ಟನ್ ಹತ್ತಿರ, ಆಶ್ಲಿ ನದಿಯ ದಡದಲ್ಲಿರುವ ಈ ಮಿಡಲ್‌ಟನ್ ಪ್ಲೇಸ್ ತೋಟ ಶುರುವಾಗಿದ್ದು 1741ರಲ್ಲಿ. ನದಿ ಕಡೆಗೆ ಹಂತಹಂತವಾಗಿ ಇಳಿಯುವ ಹುಲ್ಲುಹಾಸು, ಚಿಟ್ಟೆ ರೆಕ್ಕೆಯ ಆಕಾರದ ಜೋಡಿ ಕೊಳ, ಎಲ್ಲ ಚೆಂದವೇ. ಆದರೆ ನಮ್ಮತ್ತೆಗೆ ಮಂಡಿನೋವು. ಬೆಂಚಿನ ಮೇಲೆ ಕೂತು, "ನೀವು ನೋಡ್ಕೊಂಡು ಬನ್ನಿ" ಅಂದುಬಿಟ್ಟಿದ್ದರು.

ನೀವು ಸುಮ್ನೆ ಹೋಗಬಹುದಿತ್ತು, ಅಲ್ವಾ? ಹೋಗಲಿಲ್ಲ. ಅವರ ಕೈ ಹಿಡಿದು, ಏರಿಳಿತ ಕಡಿಮೆ ಇರುವ ದಾರಿಯಲ್ಲಿ ನಿಧಾನವಾಗಿ ಅಕ್ಕಿ ಗಿರಣಿಯ ಕೊಳದವರೆಗೂ ನಡೆಸಿದಿರಿ. ಎದುರಿನ ದಿಬ್ಬದ ತುಂಬ ಅಝೇಲಿಯಾ! ಗುಲಾಬಿ, ಬಿಳಿ, ಕಡುಗೆಂಪು. ಎಲೆಯೇ ಕಾಣದಷ್ಟು ಹೂವು. ಉದುರಿದ ಒಂದು ಹೂವನ್ನು ಅತ್ತೆಯ ಅಂಗೈಯಲ್ಲಿಟ್ಟು, ಮೇಲಿನ ಎಸಳಿನ ಕಡುಬಣ್ಣದ ಚುಕ್ಕೆಗಳನ್ನು ತೋರಿಸಿದಿರಿ. ಜೇನ್ನೊಣಕ್ಕೆ ದಾರಿ ತೋರುವ ಗುರುತಂತೆ. ಅತ್ತೆಗೆ ಇಂಗ್ಲಿಷ್ ಬರದಿದ್ದರೂ ಪೂರ್ತಿ ಅರ್ಥವಾಯಿತು.

ಇನ್ನೊಂದಕ್ಕೆ ಜಾಸ್ತಿ ಋಣಿ. ಈ ನೆಲ ಅಗೆದು ಮಟ್ಟ ಮಾಡಿದವರು ಗುಲಾಮರು ಅಂತ ನೇರವಾಗಿ ಹೇಳಿದಿರಿ. ಗುಲಾಮಗಿರಿಯಿಂದ ಬಿಡುಗಡೆಯಾದವರಿಗಾಗಿ ಅಲ್ಲೇ ಕಟ್ಟಿದ್ದ 'ಎಲೈಜಾ ಮನೆ'ಗೂ ಕರೆದುಕೊಂಡು ಹೋಗಿ, ಗೋಡೆಯ ಮೇಲಿನ ಆ ಗುಲಾಮರ ಹೆಸರುಗಳನ್ನು ಒಂದೊಂದಾಗಿ ಓದಿದಿರಿ. ಅದನ್ನು ನೋಡದೆ ಬಂದಿದ್ದರೆ ನಾವು ತೋಟವನ್ನು ಅರ್ಧ ಮಾತ್ರ ನೋಡಿದಂತಾಗುತ್ತಿತ್ತು.

ಅತ್ತೆ ನಿಮಗೆ "ನೂರು ವರ್ಷ ಚೆನ್ನಾಗಿರಮ್ಮ" ಅಂದಿದ್ದಾರೆ. ನನ್ನದೂ ಅದೇ ಹಾರೈಕೆ. ತುಂಬಾ ತುಂಬಾ ಧನ್ಯವಾದ.