ಕಾಫಿ ಕುಯ್ಯೋ ಕೈಯನ್ನೂ ಯಾರಾದ್ರೂ ಅಳೀರಿ

ಮಾನ್ಯ ಸಂಪಾದಕರೇ,

ಬೆರಳಿಗೆ ಸೆನ್ಸರ್ ಕೂರಿಸಿರೋ ಗ್ಲೌಸ್ ಬಗ್ಗೆ ಈಗ ಎಲ್ಲ ಕಡೆ ಓದ್ತಾ ಇದೀವಿ, ಸ್ಟ್ರೋಕ್ ಆದವ್ರಿಗೆ ಅಂತೆ, ವಿಡಿಯೋ ಗೇಮಿಗಂತೆ, ರೋಬೋಟಿಗೆ ಕೆಲಸ ಕಲ್ಸೋಕಂತೆ. ನಮ್ಮ ಮೂಡಿಗೆರೆ ಕಡೆ ಕಾಫಿ ಕುಯ್ಯೋ ಕೈ ಮಾತ್ರ ಯಾರಿಗೂ ನೆನಪಾದಂಗಿಲ್ಲ.

ನಮ್ಮಮ್ಮ ಮೂವತ್ತು ವರ್ಷ ತೋಟದಲ್ಲಿ ದುಡಿದೋರು. ಹೋದ ವರ್ಷದಿಂದ ರಾತ್ರಿ ಹೊತ್ತು ಹೆಬ್ಬೆರಳು ಮತ್ತೆ ಅದರ ಪಕ್ಕದ ಎರಡು ಬೆರಳು ಜೋಮು ಹಿಡಿದು ಎದ್ದು ಕೂತು ಕೈ ಕೊಡವ್ತಿದ್ರು, ಬರ್ತಾ ಬರ್ತಾ ಕಡುಬಿನ ಪಾತ್ರೆ ಇಳಿಸೋಕೂ ಆಗ್ದಂಗಾಯ್ತು. ಹಾಸನಕ್ಕೆ ಕರ್ಕೊಂಡೋದ್ವಿ. ಮಣಿಕಟ್ಟಲ್ಲಿ ನರ ಒತ್ತಿಹೋಗಿದೆ ಅಂದ್ರು, ಹಿಡಿ ಇರೋ ಒಂದು ಮೀಟರ್ ಕೊಟ್ಟು ಮೊಣಕೈ ಮಡಚಿ ಮೂರು ಸಲ ಅದುಮಿಸಿದ್ರು. ಕೈ ಹಿಡಿತದ ಬಲ 14 ಕೆಜಿ ಬಂತು. ವಯಸ್ಸಾದವ್ರ ಸ್ನಾಯು ಸೋತಿದೆಯಾ ಅಂತ ನೋಡೋಕೆ ಏಷ್ಯಾದ ತಜ್ಞರು 2019ರಲ್ಲಿ ಇಟ್ಟಿರೋ ಗೆರೆ ಹೆಂಗಸರಿಗೆ 18, ಗಂಡಸರಿಗೆ 28 ಕೆಜಿ. ಅಮ್ಮಂಗೆ ನಂಬಿಕೇನೇ ಬರ್ಲಿಲ್ಲ, "ದಿನಕ್ಕೆ ಎಂಬತ್ತು ಕೆಜಿ ಹಣ್ಣು ಕುಯ್ದು ಮೂಟೆ ಹೊತ್ತೋಳ್ನ ಹದಿನಾಕು ಅಂತದಲ್ಲ ಇದು" ಅಂದ್ರು.

ಆ ಮೀಟರ್ ಹೇಳೋದು ಅದುಮಿದ ಆ ಗಳಿಗೆ ಕಥೆ ಅಷ್ಟೇ ಸ್ವಾಮಿ. ಬೆಳಿಗ್ಗೆ ಗಿಡದ ಬುಡಕ್ಕೆ ಹೋದಾಗ ಎಷ್ಟಿತ್ತು, ಸಾಯಂಕಾಲ ತೂಕದ ಹೊತ್ತಿಗೆ ಎಷ್ಟಕ್ಕಿಳೀತು ಅಂತ ಗೊತ್ತಾಗ್ಬೇಕಾದ್ರೆ ಕೆಲಸ ಮಾಡ್ತಾ ಇರುವಾಗ್ಲೇ ಅಳೀಬೇಕು, ಅದಕ್ಕೇ ಗ್ಲೌಸ್ ಬೇಕು ಅನ್ನೋದು. ಬೆರಳಿನ ಮೇಲಿರೋ ಪಟ್ಟಿ ಬಗ್ಗಿದಷ್ಟೂ ಅದರ ರೆಸಿಸ್ಟೆನ್ಸ್, ಅಂದ್ರೆ ಕರೆಂಟಿಗೆ ಒಡ್ಡೋ ತಡೆ, ಏರುತ್ತೆ, ತುದೀಲಿರೋ ಸೆನ್ಸರ್‌ನ ಒತ್ತಿದಷ್ಟೂ ಇಳಿಯುತ್ತೆ, ಈ ಎರಡರಲ್ಲೇ ಬೆರಳು ಎಷ್ಟು ಸಲ ಮಡಚ್ತು, ಎಷ್ಟು ಬಲ ಹಾಕ್ತು ಅಂತ ಸುಮಾರಾಗಿ ಸಿಗುತ್ತೆ. ಸುಮಾರಾಗಿ ಅಂದೆ ಯಾಕಂದ್ರೆ ಆ ಒತ್ತೋ ಸೆನ್ಸರ್ ತುಂಬಾ ಹೊತ್ತು ಒತ್ತಿದ್ರೆ ನಂಬರ್ ತಾನೇ ಜರುಗುತ್ತೆ, ಮೇಲೆ ಡಿಸೆಂಬರ್ ಇಬ್ಬನಿಗೆ ಗಿಡ ಎಲ್ಲ ತೊಟ್ಟಿಕ್ತಿರುತ್ತೆ, ಬೆವರು ಬೇರೆ. ಕಾಫೀಲಿ ಎರಡು ಜಾತಿ, ರೋಬಸ್ಟಾನ ಗೊನೆ ಹಿಡಿದು ಉದುರಿಸ್ಬಹುದು, ಅರೇಬಿಕಾ ಹಣ್ಣು ನೋಡಿ ನೋಡಿ ಬಿಡಿಸ್ಬೇಕು, ದಪ್ಪ ಗ್ಲೌಸ್ ಹಾಕಿದ್ರೆ ಹಣ್ಣು ಯಾವ್ದು ಕಾಯಿ ಯಾವ್ದು ಕೈಗೆ ತಿಳಿಯಲ್ಲ. ಮತ್ತೆ ಗಂಡಸರ ಸೈಜಲ್ಲಿ ಮಾಡಿ ತರ್ಬೇಡಿ, ಕುಯ್ಯೋರು ಬಹುಪಾಲು ಹೆಂಗಸರು.

ಹಾಸನ ಚಿಕ್ಕಮಗಳೂರು ಎರಡೂ ಕಡೆ ಇಂಜಿನಿಯರಿಂಗ್ ಕಾಲೇಜೂ ಇದೆ, ಮೆಡಿಕಲ್ ಕಾಲೇಜೂ ಇದೆ. ಫೈನಲ್ ಇಯರ್ ಪ್ರಾಜೆಕ್ಟ್ ಮಾಡೋ ಹುಡುಗ್ರು ಇದನ್ನ ಯಾಕೆ ಹಿಡೀಬಾರ್ದು?

ಒಂದೇ ಭಯ ನಂಗೆ. ಈ ಲೆಕ್ಕ ತೋಟದಲ್ಲಿ ಹಾಜರಿ, ಕೂಲಿ ಬರೆಯೋ ರೈಟರ್ ಪುಸ್ತಕಕ್ಕೆ ಹೋಗ್ಬಾರ್ದು. ಇವಳ ಕೈ ಸೋತಿದೆ ಅಂತ ಗೊತ್ತಾದ್ರೆ ಮಾರನೇ ದಿನ ಕೆಲಸಕ್ಕೆ ಕರೆಯಲ್ಲ, ಕುಯ್ದಿದ್ದಕ್ಕೆ ಕೆಜಿ ಲೆಕ್ಕದಲ್ಲಿ ಕಾಸು ಕೊಡೋ ಜಾಗ ಅದು. ನಂಬರ್ ಆ ಹೆಂಗಸಿನ ಹತ್ರ, ಅವಳ ಡಾಕ್ಟ್ರ ಹತ್ರ ಇದ್ರೆ ಸಾಕು. ಯಾರಾದ್ರೂ ಮಾಡೋದಾದ್ರೆ ಜನವರೀಲಿ ರೋಬಸ್ಟಾ ಕುಯ್ಲಿಗೆ ಬನ್ನಿ, ಮೊದಲು ನಾನೇ ಕೈ ಕೊಡ್ತೀನಿ ಅಂತಾರೆ ಅಮ್ಮ, ಆ ಅರ್ಥದ ಕೈ ಕೊಡೋದಲ್ಲ ಮತ್ತೆ.

ಇತಿ,
ಒಬ್ಬ ಓದುಗ, ಮೂಡಿಗೆರೆ ತಾಲೂಕು